ಇನ್ನೇಳು ಕುದುರಿ

ಈ ಮಶೀನ್‌ನ್ಯಾಗ ಎಂಟು ಕುದುರಿ ಅದಾವಂತ.
ಹನ್ನೊಂದು ವರ್ಷದಾಗ ಒಂದರ ಬಾಲಾನೂ ನಾ ಕಂಡಿಲ್ಲ.
ಹಗ್ಗ ಜಗ್ಗಿದ್ರ ಮೂರನೇ ಸಲಕ್ಕ ಕೆಮ್ಮತಾವ,
ನಾಲ್ಕಕ್ಕ ಏಳತಾವ,
ಶ್ರಾವಣದ ಹಸೀಗೆ
ಏಳಕ್ಕೂ ಏಳಂಗಿಲ್ಲ.

ಬಾಗಲಕೋಟಿ ನವನಗರದ ಅಂಗಡ್ಯಾಗ
ಗಾಜಿನ ಹಿಂದ ನಿಂತೈತಿ ಹದಿನೈದರದು,
ಮೈಮ್ಯಾಲ ಒಂದು ಗೀರಿಲ್ಲ.
ಅಂಗಡಿ ಹುಡುಗ ಅಂದ:
"ಕಾಕಾ, ಇಪ್ಪತ್ತೆರಡು ನಿಮಿಷದ ಹಾದಿ ಹನ್ನೆರಡಕ್ಕ ಬರತೈತಿ."
ಹತ್ತು ನಿಮಿಷ.
ಬೀಳಗಿ ಬಸ್ಸಿನ್ಯಾಗ ಕುಂತು ಊರತನಕ ಅದನ್ನ ಎಣಿಸಿದೆ.

ಸಾಲಿ ಅಕ್ಕೋರಿಗೆ ಹತ್ತು ನಿಮಿಷ ಅಂದ್ರ
ಹಾಜರಿ ಪುಸ್ತಕದಾಗ ಕೆಂಪು ಗೆರಿ ಇಲ್ಲ.
ಸಿದರಾಯಗ ಹತ್ತು ನಿಮಿಷ ಅಂದ್ರ
ಬ್ಯಾಸಗ್ಯಾಗ ಕ್ಯಾನಿನ ಹಾಲು ಹಾಲಾಗೇ ದಂಡಿ ಮುಟ್ಟೂದು.
ನನಗ?
ಹತ್ತು ನಿಮಿಷ ಮದಲ ಬಂದು
ಬೀಡಿ ಹಚ್ಚಿ ಮಂದಿ ಹಾದಿ ಕಾಯೂದು.

ನಡುವ ಹೊಳ್ಯಾಗ ಮುಳುಗಿದ ಊರೈತಿ.
ಚೈತ್ರಕ್ಕ ನೀರು ಇಳಿದ್ರ
ಗೌಡರ ಮಾಳಿಗಿ ಗ್ವಾಡಿ ಗೇಣು ಕೆಳಗ ಬಂದು ನಿಲ್ಲತೈತಿ,
ನೀರಿನ ಬಣ್ಣ ಒಂದೀಟು ಬ್ಯಾರೆ, ಅಷ್ಟ ಗುರ್ತು.
ಎಂಟು ಕುದುರಿ ಆ ಓಣಿ ಬಲ್ಲವು,
ಚಾವಡಿ ಕಟ್ಟಿ ಬಗಲಾಗ ಮೆತ್ತಗ ತಿರಗತಾವ.
ಹೊಸಾ ಹದಿನೈದು ಊರು ನೋಡಿಲ್ಲ,
ಯಾರ ಮನಿ ಬಾಗಲಾ ಒದೀತಾವೋ.

"ಸಾಲಾ ಮೂರು ವರ್ಷದ್ದು,"
ಅಂದಳು ರುದ್ರವ್ವ, ರೊಟ್ಟಿ ಬಡಿಯೂದು ಬಿಡದ,
"ಸೇತುವಿ ಎರಡಕ್ಕ ಮುಗೀತೈತಿ."
ಎರಡಕ್ಕ ಅನ್ನಾಕ ಹತ್ತಿ ಒಂಬತ್ತು ವರ್ಷಾತು.
ನೀರಾಗ ಆರು ಕಂಬ ನಿಂತಾವ
ಕಬ್ಬಿಣದ ಕೂದಲಾ ನಿಗರಿಸಿಕೊಂಡು.
ಮ್ಯಾಲ ಕೊಕ್ಕರಿ ಕುಂತಾವ, ಟಿಕೀಟ ಇಲ್ಲದ.
ಆ ಸೇತುವಿ ಆಗಬಾರದಂತ ನಾ ಎಂದೂ ಬೇಡಿಲ್ಲ.
ಒಮ್ಮೆ ಬೇಡೀನಿ.
ಅವತ್ತ ಮಶೀನ್ ಏಳಲಿಲ್ಲ,
ದೋಣ್ಯಾಗಿನ ಮಂದಿ ಸುಮ್ಮನ ಕಂಬದ ಕಡೆ ನೋಡಿದ್ರು.

ನಿನ್ನೆ ಮೌನೇಶ ಬಡಗೇರನ್ನ ಕರಸಿ
ದೋಣಿ ಹಿಂದಿನ ಹಲಗಿ ತೋರಿಸಿದೆ.
ಕಿವಿ ಹಚ್ಚಿ ಬೆರಳಗಂಟಿಲೆ ಬಡದ,
ಕಲ್ಲಂಗಡಿ ಆರಿಸಿದಂಗ.
"ಹದಿನೈದು ಕಟ್ಟಿದ್ರ, ಮಾಮಾ,
ಮಶೀನ್ ಆಚಿ ದಂಡಿಗೆ ಹೋಗತೈತಿ, ಹಲಗಿ ಸಂಗಾಟ.
ದೋಣಿ, ನೀ, ಕುರಿ, ಅಕ್ಕೋರು ಎಲ್ಲಾ ಇಲ್ಲೇ."
ಇಬ್ಬರೂ ನಕ್ಕೆವು.
ಆಮ್ಯಾಲ ಅವ ಉಗುರಿಲೆ ಹಲಗಿ ಕೆರದ.
ಕಟಗಿ ಸಂಡಿಗಿ ಹಿಟ್ಟಿನಂಗ ಎದ್ದು ಬಂತು.
ಎಂಟಕ್ಕೂ ಎಷ್ಟು ದಿನಾ ಅಂತ ನಾ ಕೇಳಲಿಲ್ಲ.

ಇವತ್ತ ಮುಂಜಾನೆ ಹಗ್ಗ ಜಗ್ಗಿದೆ.
ಒಂದು. ಎರಡು.
ಎರಡಕ್ಕ ಎದ್ದು ನಿಂತವು,
ಯಾರೋ ಚಾಡಿ ಹೇಳಿದಂಗ.
ಚಾವಡಿ ಕಟ್ಟಿ ದಾಟಿದ್ವಿ.
ಆಚಿ ದಂಡ್ಯಾಗ ಬಸ್ಸು ಹೊಗಿ ಬಿಡಾಕತ್ತಿತ್ತು.
ಅಕ್ಕೋರು ಗಡಿಯಾರ ನೋಡಲಿಲ್ಲ,
ನನ್ನ ನೋಡಿದ್ರು.