ಕಂಡಿಕೆ ಹನ್ನೊಂದು

ಮಂಡ್ಯ ನಗರಸಭೆ, ಲೆಕ್ಕಶಾಖೆ, ಕಿಟಕಿ ಪಕ್ಕದ ಮೇಜು ನನ್ನದು.
ಫ್ಯಾನು ತಿರುಗಿದರೆ ಕಾಗದ ಹಾರುತ್ತದೆ,
ನಿಲ್ಲಿಸಿದರೆ ಬೆವರು ಬಿದ್ದು ಶಾಯಿ ಹರಡುತ್ತದೆ.
ಹಾಗಾಗಿ ಕಡತಕ್ಕೊಂದು ಕಲ್ಲು:
ಹೊಂಗೆಹಳ್ಳದ ಮೋರಿ ಅಗೆದಾಗ ಸಿಕ್ಕವು,
ನುಣ್ಣಗೆ, ಕೋಳಿಮೊಟ್ಟೆಯ ಹಾಗೆ.

ಮೇಲಿನಿಂದ ಸುತ್ತೋಲೆ ಬಂದ ದಿನ
ಅದರಲ್ಲೊಂದು ಪದವಿತ್ತು: ಹವಾಮಾನ ಸ್ಥಿತಿಸ್ಥಾಪಕತ್ವ.
ಟೈಪು ಮಾಡುವ ಹುಡುಗಿ ಎರಡು ಸಲ ತಪ್ಪಿದಳು.
ಮ್ಯಾನೇಜರು ಓದದೆ ದಾಟಿದರು, ರಸ್ತೆಗುಂಡಿ ದಾಟುವ ಹಾಗೆ.
ವಾಲ್ವು ತಿರುಗಿಸುವ ಜವರಪ್ಪ, ಅಜ್ಜನ ಕಾಲಕ್ಕೆ ನೀರುಗಂಟಿಯ ಮನೆ,
ಬಾಗಿಲಿಗೊರಗಿ ಕೇಳಿಸಿಕೊಂಡು ನಕ್ಕ:
"ಅಷ್ಟುದ್ದ ಯಾಕವ್ವ? ಗಾಳಿಗೆ ಕಬ್ಬು ಮಲಿಕತ್ತದಲ್ಲ,
ಸಾಯಾಕಿಲ್ಲ ಅದು. ಗೆಣ್ಣಲ್ಲಿ ತಿರುಗಿ
ತಲೆ ಎತ್ತತದೆ. ಅದೇಯ."
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ: ಗೆಣ್ಣು.

ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ.
ಮೂರು ಮೆಟ್ಟಿಲಿಗೆ ಹದಿನಾಲ್ಕು ತಿಂಗಳು.
ಅಷ್ಟರಲ್ಲಿ ಹಳ್ಳ ಎರಡು ಸಲ ಮನೆಯೊಳಗೆ ಬಂದು
ತಾನೇ ಹೋಗಿತ್ತು, ಯಾರ ಸಹಿಯನ್ನೂ ಕೇಳದೆ.
ಹತ್ತು ಪಾಲಿನಲ್ಲಿ ಒಂದು ಪಾಲು ಊರಿನದು ಎಂದಿತ್ತು ಆದೇಶ.
ಆ ಒಂದೇ ನಮ್ಮಲ್ಲಿ ಇರಲಿಲ್ಲ.
ಮೀನು ಮಾರ್ಕೆಟ್ಟಿನ ಹದಿನಾರು ಮಳಿಗೆ, ಏಳು ವರ್ಷದ ಬಾಕಿ;
ರಸೀದಿ ಪುಸ್ತಕ ಹಿಡಿದು ನಾನೇ ಹೋದೆ.
ಒಬ್ಬ ಬೈದ, ಒಬ್ಬ ಟೀ ತರಿಸಿದ,
ಒಬ್ಬ ತಕ್ಕಡಿಯ ಕೆಳಗಿನಿಂದ ಒದ್ದೆ ನೋಟು ಎಣಿಸಿದ.
ನಮ್ಮ ಊರಿನ ಪಾಲಿಗೆ ಬಂಗುಡೆಯ ವಾಸನೆ.

ಮಾರ್ಚ್ ಮೂವತ್ತೊಂದು, ರಾತ್ರಿ.
ಖಜಾನೆಯ ಕಂಪ್ಯೂಟರಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು.
ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿರುವಾಗ ಬಿಲ್ಲು ಪಾಸಾಯಿತು.
ಇನ್ನಷ್ಟು ತಡವಾಗಿದ್ದರೆ ದುಡ್ಡು ಬಂದ ದಾರಿಯಲ್ಲೇ ಹಿಂದಕ್ಕೆ;
ಮಳೆಗೆ ಹಾಗೆ ವಾಪಸು ಹೋಗುವ ಅಭ್ಯಾಸವಿಲ್ಲ.

ಮೋರಿ ಅಗಲವಾಯಿತು. ನೀರು ಇಂಗಲು ಎರಡು ಗುಂಡಿ.
ನಕ್ಷೆಯಲ್ಲಿ ನೇರ ಇದ್ದ ಗೆರೆ
ಒಂದು ಕಾರ್ ಶೆಡ್ಡಿನ ಹತ್ತಿರ ಸ್ವಲ್ಪ ಬಳುಕಿತು.
ಬಳುಕಿದ್ದು ಯಾಕೆಂದು ಕಡತದಲ್ಲಿಲ್ಲ.
ನನಗೆ ಗೊತ್ತು. ಬರೆಯಲಿಲ್ಲ. ಅದೂ ಇರಲಿ ಇಲ್ಲಿ.

ಅಕ್ಟೋಬರಿನಲ್ಲಿ ಒಂದೇ ರಾತ್ರಿ
ಅಳತೆಯ ಕೊಳವೆ ತುಂಬಿ ಚೆಲ್ಲಿತು.
ಬೆಳಿಗ್ಗೆ ಪತ್ರಿಕೆಯವರು ಬಂದು ನೋಡಿ
ಫೋಟೋಕ್ಕೆ ಏನೂ ಸಿಗದೆ
ಇಡ್ಲಿ ತಿಂದು ಹೋದರು.

ಆಮೇಲೆ ಲೆಕ್ಕಪರಿಶೋಧನೆ. ಕಂಡಿಕೆ ಹನ್ನೊಂದು:
'ಸದರಿ ಕಾಮಗಾರಿಯಿಂದ ಆದ ಪ್ರಯೋಜನಕ್ಕೆ
ಪುರಾವೆ ಲಗತ್ತಿಸಿರುವುದಿಲ್ಲ.'
ಆಗದೇ ಹೋದದ್ದಕ್ಕೆ ಪುರಾವೆ ಯಾವ ಅಂಗಡಿಯಲ್ಲಿ?

ಮುನೀರಾಬಿಯ ಮನೆಗೆ ಹೋದೆ.
ಗೋಡೆಯ ಮೇಲೆ ಇದ್ದಿಲಿನ ಮೂರು ಗೆರೆ, ಮೂರು ವರ್ಷ:
ಒಂದು ಮೊಣಕಾಲಿಗೆ,
ಒಂದು ಹೊಲಿಗೆ ಮಿಷನ್ನಿನ ಗಾಲಿಗೆ,
ಇನ್ನೊಂದು, ತೊಟ್ಟಿಲಿನ ಹಗ್ಗವನ್ನು ಮೇಲೆಳೆದು
ಮತ್ತೆ ಗಂಟು ಹಾಕಿದ ಕಡೆಗೆ.
"ಈ ವರ್ಷದ್ದು ಎಲ್ಲಿ?" ಎಂದೆ.
ಸೂಜಿಗೆ ದಾರ ಪೋಣಿಸುತ್ತಾ, ಕಣ್ಣೆತ್ತದೆ,
ತಪ್ಪೊಪ್ಪಿಕೊಳ್ಳುವ ದನಿಯಲ್ಲಿ:
"ಎಲ್ಲಿ ಹಾಕ್ಲಿ ಮೇಡಂ? ನಾನು ನಿದ್ದೆ ಮಾಡ್ಬಿಟ್ಟೆ."

ಅದನ್ನೇ ಬರೆಸಿದೆ. ಸಹಿ ಹಾಕಿದಳು, ಉರ್ದುವಿನಲ್ಲಿ.
ಅನುಬಂಧ ನಾಲ್ಕು: ಒಬ್ಬ ಹೆಂಗಸಿನ ಒಂದು ರಾತ್ರಿಯ ನಿದ್ದೆ,
ಒಂದು ಪುಟ, ದೃಢೀಕೃತ ನಕಲು.

ಎರಡು ತಿಂಗಳಿಗೆ ಉತ್ತರ:
'ವಿವರಣೆ ತೃಪ್ತಿಕರವಾಗಿಲ್ಲ. ಕಂಡಿಕೆ ಮುಂದುವರಿಸಿದೆ.'
ಕಲ್ಲು ಎತ್ತಿ, ಕಾಗದ ಸೇರಿಸಿ, ಮತ್ತೆ ಕಲ್ಲು ಇಟ್ಟೆ.

ಸಂಜೆ ಕಿಟಕಿಯಾಚೆ ಮೋಡ, ಕಾದ ಬೆಲ್ಲದ ಬಣ್ಣ.
ಜವರಪ್ಪ ಛತ್ರಿ ಕೇಳಲು ಬಂದ.
ಕೊಡಲಿಲ್ಲ. ನನ್ನ ಹತ್ತಿರವೂ ಇರುವುದು ಒಂದೇ.