ಸೊನ್ನೆ ಮತ್ತು ಗೀಟು

ಆರಕ್ಕೆ ಬೋಜಿ ಬಲೆ ಬಿಚ್ಚುತ್ತಾಳೆ.
ಬಿಟ್ಟಂಗಾಲದ ಈ ತೋಟದಂಚಿನಲ್ಲಿ
ಹಾಲುವಾಣಕ್ಕೂ ಸಿಲ್ವರ್ ಓಕಿಗೂ ನಡುವೆ
ಹನ್ನೆರಡು ಮೀಟರ್ ಕಪ್ಪು ನೂಲು,
ಇಬ್ಬನಿ ಕೂತರಷ್ಟೇ ಇದೆಯೆಂದು ತಿಳಿಯುವುದು.

ನಾನು ತಕ್ಕಡಿಯವನು.
ಮೂವತ್ತೊಂದು ವರ್ಷ ಇದೇ ತೋಟದ ರೈಟರ್,
ಸಂಜೆ ಸಂಜೆ ಕಾಫಿ ಹಣ್ಣಿನ ಚೀಲ ತೂಗಿ
ಹೆಸರಿನ ಮುಂದೆ ಕೇಜಿ ಬರೆದ ಕೈ.
ಈಗ ಬೊಳ್ಳಮ್ಮ ಕೊಡುವ ಬಟ್ಟೆಚೀಲದಲ್ಲಿ
ಒಂದು ಹಸಿರು ಉಲಿಯಕ್ಕಿ.
ಚೀಲ ಕಳೆದು ಎಂಟು ಗ್ರಾಂ,
ಅಂದರೆ ಐದಾರು ಹಣ್ಣು.
ಅಷ್ಟರಲ್ಲೇ ಹಿಮಾಲಯದಿಂದ ಬಂದ ದಾರಿಯೂ ಸೇರಿದೆ.

ನನ್ನ ಹೆಸರು ಹಂಸ. ನಗಬೇಡಿ,
ಅದು ಹಕ್ಕಿಯಲ್ಲ, ನಾಲಿಗೆಯಲ್ಲಿ ಸವೆದ ಹಂಝ.
ಅಜ್ಜ ಒಣಮೀನಿನ ಬುಟ್ಟಿ ಹೊತ್ತು
ಮಾಕುಟ್ಟದ ಘಾಟಿ ಹತ್ತಿ ಬಂದವನು,
ಮಳೆಗೆ ಮೊದಲು ಇಳಿಯುತ್ತೇನೆ ಎಂದಿದ್ದನಂತೆ.

ಬೊಳ್ಳಮ್ಮ ಹಕ್ಕಿಯ ಎದೆಗೆ ಊದುತ್ತಾಳೆ,
ಮಗುವಿನ ಗಂಜಿ ಆರಿಸುವ ಹಾಗೆ.
ಗರಿ ಸರಿದು ಕೊರಳ ಗುಳಿಯಲ್ಲಿ ಹಳದಿ ಕೊಬ್ಬು.
"ಎರಡು" ಅನ್ನುತ್ತಾಳೆ. ಬರೆಯುತ್ತೇನೆ.
ಹೂಮಳೆ ಬಿದ್ದು ಗಿಡ ಬೆಳ್ಳಗಾಗುವ ವಾರ
ಅದು ನಾಲ್ಕಾಗುತ್ತದೆ:
ಬುತ್ತಿಯನ್ನು ಚರ್ಮದಡಿಯೇ ಕಟ್ಟಿಕೊಳ್ಳುವ ಜಾತಿ.

ಕಾಲಲ್ಲಿ ಆಗಲೇ ಉಂಗುರವಿತ್ತು.
ಹಳೆಯ ಪುಸ್ತಕ ತಿರುವಿದೆ:
ಎರಡು ವರ್ಷದ ಹಿಂದೆ, ಇದೇ ಮೂರನೇ ಬಲೆ,
ನನ್ನದೇ ಅಕ್ಷರ, ಒಂಬತ್ತರಂತೆ ಕಾಣುವ ನನ್ನ ಏಳು.

ಮೊನ್ನೆ ಮಾತ್ರ ನಾಲ್ಕು ತಾಸು ಏನೂ ಬೀಳಲಿಲ್ಲ.
ರೂಢಿಯಂತೆ ಗೀಟು ಎಳೆದೆ.
ಬೊಳ್ಳಮ್ಮ ರಬ್ಬರ್ ತೆಗೆದಳು.
"ಗೀಟು ಅಂದರೆ ಬಲೆ ಬಿಚ್ಚಲೇ ಇಲ್ಲ ಅಂತ, ರೈಟರೇ.
ನಾವು ಬಂದಿದ್ದೆವು, ಬಿಚ್ಚಿದ್ದೆವು, ಕಾದೆವು.
ಇದು ಸೊನ್ನೆ."

ಗೀಟುಗಳು ನನಗೆ ಗೊತ್ತು.
ತೊಂಬತ್ತೆಂಟರ ಜನವರಿ, ತೋಟಕ್ಕೆ ಆನೆ ಇಳಿದ ದಿನ,
ಲೈನ್ ಮನೆಯ ಹದಿನಾಲ್ಕು ಹೆಂಗಸರು
ಖಾಲಿ ಚೀಲ ಮಡಿಸಿಕೊಂಡು
ಗೇಟಿನ ಬಳಿ ಸಂಜೆಯವರೆಗೆ ಕೂತಿದ್ದರು.
ಹದಿನಾಲ್ಕು ಗೀಟು ಎಳೆದೆ, ಸ್ಕೇಲಿಟ್ಟು, ನೇರಕ್ಕೆ.
ಗೀಟಿಗೆ ಸಂಬಳವಿಲ್ಲ.
ಬೋಜಿ ಒಂಬತ್ತನೆಯವಳು.

ಇವತ್ತು ಹೇಳಿದೆ, ಬಲೆಯ ಗೂಟ ಹಿಡಿದುಕೊಂಡು.
ಅವಳು ನೂಲಿಗೆ ಸಿಕ್ಕ ಒಣ ಎಲೆ ಬಿಡಿಸುತ್ತಿದ್ದಳು.
"ದೊಡ್ಡವು ಮೂರಿತ್ತು" ಅಂದಳು,
"ಮರಿ ಒಂದು. ಬಲಗಿವಿ ಹರಿದಿತ್ತು ಒಂದರದು.
ಅದನ್ನ ಬರೆದುಕೊಂಡಿದ್ದಿರಾ?"

ಬರೆದುಕೊಂಡಿರಲಿಲ್ಲ.

ಆಮೇಲೆ ಉಲಿಯಕ್ಕಿಯನ್ನು ಅವಳ ಕೈಗೆ ಕೊಟ್ಟೆವು.
ಬೆರಳು ತೆರೆದದ್ದು ತಿಳಿಯದೆ
ಅಂಗೈಯಲ್ಲಿ ಎರಡು ಉಸಿರಿನಷ್ಟು ಹೊತ್ತು ಮಲಗೇ ಇತ್ತು.
ಬಿಟ್ಟ ವೇಳೆ: ಏಳು ಐವತ್ತೆರಡು.
ಬಿಟ್ಟವರು: ಬೋಜಿ.