ಫೈಲು ನಲವತ್ತೇಳು: ಮನೆ ಕಳವು

ಲಿಸ್ಬನ್ನಿನ ಅಲ್ಫಾಮಾ, ಮೆಟ್ಟಿಲುಗಳದೇ ಬೀದಿ.
ಪೊಲೀಸ್ ಇಲಾಖೆಯ ಅಲೌಕಿಕ ದೂರುಗಳ ವಿಭಾಗಕ್ಕೆ,
ಎಂದರೆ ನನ್ನೊಬ್ಬಳ ಮೇಜಿಗೆ,
ಬಾಗಿಲು ತಟ್ಟದೆ ಬಂದಳು ಎತೆಲ್ವಿನಾ.
ತಟ್ಟುವುದಾದರೂ ಹೇಗೆ, ಸತ್ತು ತೊಂಬತ್ತು ವರ್ಷ.
ಬದುಕಿದ್ದಾಗ ಊರ ಬಟ್ಟೆ ಒಗೆದವಳು.
ಈಗಲೂ ಕೈ ಒದ್ದೆ.

"ಕಳವಾಗಿದೆ" ಎಂದಳು.
"ಮನೆಯಿಂದ ಏನು ಹೋಯಿತು?"
"ಮನೆ. ಗೋಡೆ ಅಲ್ಲೇ ಇದೆ. ಮನೆ ಇಲ್ಲ."

ನನ್ನ ಸಹಾಯಕ ಬಾಲ್ತಜಾರ್, ಕಡಲಹಕ್ಕಿ,
ಇಲ್ಲದ ಹಲ್ಲನ್ನು ಮೀನಿನ ಮುಳ್ಳಲ್ಲಿ ಕೆದಕುತ್ತ
"ದೆವ್ವಕ್ಕೆ ಬಾಡಿಗೆ ಕರಾರು ಇತ್ತೇ?" ಎಂದ.
ಕಾನೂನು ಬಲ್ಲವನು;
ಕೋರ್ಟಿನ ಹಿಂದಿನ ಕಸದ ತೊಟ್ಟಿಯಲ್ಲೇ ಬೆಳೆದದ್ದು.

ಹೋದೆವು. ಮೂರನೇ ಮಹಡಿ.
ಬೀಗದ ಜಾಗದಲ್ಲಿ ನಂಬರು ಒತ್ತುವ ಡಬ್ಬಿ.
ಒಳಗೆಲ್ಲ ಬಿಳಿ ಬಣ್ಣ, ನಿಂಬೆ ವಾಸನೆ,
ಅವಳ ಬಟ್ಟೆ ಉಜ್ಜುವ ಹಲಗೆಯನ್ನು
ಚಿತ್ರದ ಹಾಗೆ ಗೋಡೆಗೆ ಮೊಳೆ ಹೊಡೆದಿದ್ದರು.
"ನನ್ನ ಬೆನ್ನು ಮುರಿದದ್ದು ಅದರ ಮೇಲೆ.
ಇವರು ಅದಕ್ಕೆ ದೀಪ ಹಾಕಿದ್ದಾರೆ."

ಮಾಲೀಕ, ಏಜೆಂಟ್, ನಗರಸಭೆಯ ಗುಮಾಸ್ತ:
ಸಾಲಾಗಿ ನಿಲ್ಲಿಸಿದೆ.
ಕುಂಬಳಕಾಯಿ ಕಳ್ಳ ಎಂದರೆ
ಒಬ್ಬನೂ ಹೆಗಲು ಮುಟ್ಟಿಕೊಳ್ಳಲಿಲ್ಲ.
ಬೂದಿ ಎಲ್ಲಿಂದ ಬರಬೇಕು?
ಎಲ್ಲರ ಕೋಟೂ ಡ್ರೈಕ್ಲೀನ್ ಆಗಿತ್ತು.

ನಡುರಾತ್ರಿ ಕಪಾಟಿನಿಂದ ಹೊರಟಿತು
ಇನ್ನೊಂದು ದೆವ್ವ!
ಪ್ರವಾಸಿಗಳು ಕಿರುಚಿದರು, ಫೋಟೋ ತೆಗೆದರು,
ಐದು ನಕ್ಷತ್ರ ಕೊಟ್ಟು ಮಲಗಿದರು.
ಎತೆಲ್ವಿನಾ ಹತ್ತಿರ ಹೋಗಿ ದುಪ್ಪಟಿಯ ಅಂಚು ಮೂಸಿದಳು.
"ಗಂಜಿ ಹೆಚ್ಚಾಗಿದೆ. ಈ ಕಲೆ ಕಾಫಿಯದು."

ದುಪ್ಪಟಿಯೊಳಗೆ ಆದಿಲ್ಸನ್, ಕೇಪ್ ವರ್ಡ್ ದ್ವೀಪದ ಹುಡುಗ.
ಗಂಟೆಗೆ ನಾಲ್ಕು ಯೂರೋ, ನರಳಾಟವೂ ಸೇರಿ.
ದುಪ್ಪಟಿ ಒಗೆಸುವ ಖರ್ಚು ಅವನದೇ.
"ಮಲಗುವುದು ಎಲ್ಲಿ?" ಎಂದೆ.
ಕಪಾಟು ತೋರಿಸಿದ.

ವರದಿ ಬರೆದೆ: ಕಳ್ಳತನ ನಡೆದಿಲ್ಲ,
ಪ್ರತಿ ಕಾಗದಕ್ಕೂ ಮೊಹರಿದೆ.
ಬಾಲ್ತಜಾರ್ ಓದಿ, "ಇಷ್ಟೊಂದು ಮೊಹರೇ?
ನಾನಾದರೆ ಅಲ್ಲಿಂದಲೇ ಕೆದಕುತ್ತಿದ್ದೆ" ಎಂದ.
ಮೇಲಧಿಕಾರಿ ಫೈಲಿಗೆ ಇನ್ನೊಂದು ಒತ್ತಿ
ಕಪಾಟಿಗೆ ಕಳಿಸಿದರು.

ಈಗ ಎತೆಲ್ವಿನಾ ನನ್ನ ಬಚ್ಚಲಲ್ಲಿದ್ದಾಳೆ.
ಮಂಗಳವಾರ ಆದಿಲ್ಸನ್ ಬರುತ್ತಾನೆ, ದುಪ್ಪಟಿ ಕಂಕುಳಲ್ಲಿ.
ಒಗೆದುಕೊಡುತ್ತಾಳೆ, ನರಳುವುದನ್ನೂ ಕಲಿಸುತ್ತಾಳೆ:
"ಗಂಟಲಿಂದಲ್ಲ ಮಗಾ, ಸೊಂಟದಿಂದ."

ನಿನ್ನೆ ಅಳತೆ ಟೇಪು ಹಿಡಿದು ಒಬ್ಬ
ನನ್ನ ಬಾಗಿಲಿಗೂ ಬಂದಿದ್ದ, ಒಳ್ಳೆಯ ಕೋಟು.
ಬಾಲ್ತಜಾರ್ ಸೂರಿನಿಂದ ಗುರಿ ನೋಡಿ
ಅವನ ಹೆಗಲಿನ ಮೇಲೆ ಸರಿಯಾಗಿ
ಇಲಾಖೆಯ ಮೊಹರು ಹಾಕಿದ.
ಈಗ ಮುಟ್ಟಿ ನೋಡಿಕೊಳ್ಳಲಿ.